ಬೂದಿ ಮುಚ್ಚಿದ ಹುಣ್ಣು

ದಾವಣಗೆರೆಯ ಭಟ್ಟಿ ಓಣಿಗೆ ಕಣ್ಣು ಮುಚ್ಚಿಕೊಂಡೂ ಬರಬಹುದು. ಹುರಿದ ಮಂಡಕ್ಕಿಯ ವಾಸನೆಯೇ ದಾರಿ ತೋರಿಸುತ್ತದೆ. ಓಣಿಯ ಎರಡೂ ಕಡೆ ಮಂಡಕ್ಕಿ ಭಟ್ಟಿಗಳು. ಮುಂದೆ ಭತ್ತ ಒಣಹಾಕುವ ಕಣ, ಹಿಂದೆ ಭತ್ತ ಬೇಯಿಸುವ ಕೊಪ್ಪರಿಗೆ, ನಡುವೆ ಸಂಸಾರ. ಗಂಡಸರು ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಾರೆ, ಹೆಂಗಸರು ಜರಡಿ ಹಿಡಿಯುತ್ತಾರೆ, ಮಕ್ಕಳು ಕಣದ ಭತ್ತವನ್ನು ಕಾಲಿನಿಂದ ತಿರುವುತ್ತಾರೆ. ಮಂಡಕ್ಕಿ ಊರೂರಿಗೆ ಹೋಗುತ್ತದೆ. ಹೊಟ್ಟಿನ ಧೂಳು, ಬೆವರು, ತುರಿಕೆ ಮಾತ್ರ ಓಣಿಯಲ್ಲೇ ಉಳಿಯುತ್ತವೆ.

ಆ ಓಣಿಯ ಮಕ್ಕಳ ಮೈಮೇಲೆ ಹುಣ್ಣಿಲ್ಲದ ದಿನ ಇರಲಿಲ್ಲ. ಒಂದು ಮಗುವಿಗೆ ಮೂಗಿನ ಕೆಳಗೆ, ಇನ್ನೊಂದಕ್ಕೆ ಮೊಣಕೈಗೆ, ಮತ್ತೊಂದಕ್ಕೆ ತಲೆಯಲ್ಲಿ. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ಎಮ್ಮೆಗೆ ಕೊಂಬು, ಭಟ್ಟಿ ಮಕ್ಕಳಿಗೆ ಹುಣ್ಣು. ಇದ್ದದ್ದೇ ಬಿಡ್ರಿ" ಅನ್ನುವುದು ಓಣಿಯ ಮಾತು.

ಆ ಮಾತನ್ನು ಮೊದಲು ಹೇಳಿದವಳು ಹುಲಿಗೆಮ್ಮಜ್ಜಿಯೇ ಇರಬೇಕು. ಹುಣ್ಣಿನ ವಿಚಾರದಲ್ಲಿ ಓಣಿಗೆಲ್ಲ ಅವಳದೇ ಕೊನೆಯ ಮಾತು. ಭಟ್ಟಿಯ ಒಲೆಗೆ ಹಾಕುವ ಭತ್ತದ ಹೊಟ್ಟು ಸುಟ್ಟು ಕರಿ ಬೂದಿಯಾಗುತ್ತದಲ್ಲ, ಅದನ್ನು ಅಜ್ಜಿ ನಯವಾಗಿ ಜರಡಿ ಹಿಡಿದು, ಹರಳೆಣ್ಣೆಯಲ್ಲಿ ಕಲೆಸಿ, ಹುಣ್ಣಿನ ಮೇಲೆ ದಪ್ಪಗೆ ಮೆತ್ತುತ್ತಿದ್ದಳು. ಪಕ್ಕದ ಓಣಿಯವರೂ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಅಜ್ಜಿ ಯಾರಿಂದಲೂ ಏನೂ ಕೇಳುತ್ತಿರಲಿಲ್ಲ. ಮೆತ್ತುವಾಗ ಮಗು ಅತ್ತರೆ ತಾನೂ ಕಣ್ಣೀರು ಹಾಕುತ್ತಿದ್ದಳು. ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮದ್ದಿನಲ್ಲಿ.

ಹುಲಿಗೆಮ್ಮನ ಮಗ ನಿಂಗಪ್ಪ. ಕಾದ ಮರಳಿಗೆ ಹೆದರದವನು, ತಾಯಿಯ ಮಾತಿಗೆ ಹೆದರುವವನು. ಅವನ ಹೆಂಡತಿ ಗಿರಿಯಮ್ಮ. ಅತ್ತೆಯ ಎದುರು ಒಂದು ಮಾತು ಆಡಬೇಕಾದರೆ ಮೊದಲು ಸೆರಗು ಸರಿ ಮಾಡಿಕೊಳ್ಳುವ ಹೆಣ್ಣುಮಗಳು. ಇವರಿಬ್ಬರ ಮಗಳು ಸುಂಕಲಮ್ಮ, ಐದು ವರ್ಷದ ಕೂಸು. ಮನೆಯಲ್ಲಿ ಎಲ್ಲರಿಗೂ ಸುಂಕಿ. ಕಣದ ಭತ್ತ ತಿರುವು ಅಂದರೆ ಸುಂಕಿ ಕುಣಿದೇ ತಿರುವುತ್ತಿದ್ದಳು. ಭತ್ತದ ಚೂಪಾದ ಸುಂಕು ಗೀರಿ ಕಾಲೆಲ್ಲ ಗೆರೆ ಗೆರೆಯಾದರೂ ಅವಳಿಗೆ ಪರಿವೆ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಸುಂಕಿಯ ಮೂಗಿನ ಕೆಳಗೆ ಸಣ್ಣ ನೀರುಗುಳ್ಳೆ ಎದ್ದಿತು. ಒಡೆಯಿತು, ಜಿನುಗಿತು, ಒಣಗಿ ಜೋನಿಬೆಲ್ಲ ಅಂಟಿದ ಹಾಗೆ ಹಳದಿ ಹಕ್ಕಳೆ ಕಟ್ಟಿತು. ಆಮೇಲೆ ಬಾಯಿಯ ಮೂಲೆಗೆ ಬಂತು, ಕಿವಿಯ ಹಿಂದೆ ಬಂತು. ಉಗುರಿನಿಂದ ಅಲ್ಲೊಮ್ಮೆ ಇಲ್ಲೊಮ್ಮೆ ಕೆರೆದುಕೊಂಡು ಕೂಸು ಅದನ್ನು ಮೊಣಕಾಲಿನ ಕೆಳಗಿನ ಗೀರಿಗೂ ಇಳಿಸಿತು. ಅಜ್ಜಿ ಎಲ್ಲ ಕಡೆಯೂ ಬೂದಿ ಮೆತ್ತಿದಳು.

ಪಕ್ಕದ ಭಟ್ಟಿಯ ಅಮೀನಾಬೀ ಕೊಡ ಹಿಡಿದು ನಲ್ಲಿಗೆ ಹೋಗುವವಳು ಕೂಸನ್ನು ನೋಡಿ ನಿಂತಳು.

"ಹುಲಿಗೆಮ್ಮಕ್ಕಾ, ಇದು ನಮ್ಮ ಹುಡುಗಿ ನಸೀಮಾಗೆ ಆಗಿತ್ತಲ್ಲ, ಅದೇ ಹುಣ್ಣು ನೋಡು."

"ಎಲ್ಲಾ ಮಕ್ಕಳಿಗೂ ಆಗ್ತೈತೆ. ಭಟ್ಟಿ ಉಷ್ಣ ಇದು."

"ಉಷ್ಣ ಅಲ್ಲ ಅಂದ್ರು ಆಸ್ಪತ್ರೆಯಾಗೆ. ಕಣ್ಣಿಗೆ ಕಾಣದ ರೋಗಾಣು ಅಂತೆ. ಗೀರಿದ ಜಾಗದಾಗೆ, ಕೆರಕೊಂಡ ಜಾಗದಾಗೆ ಒಳಗೆ ಹೊಕ್ಕು ಕೀವು ಮಾಡ್ತಾವಂತೆ. ಒಬ್ಬರಿಂದ ಒಬ್ಬರಿಗೆ ದಾಟ್ತಾವಂತೆ."

"ಕಣ್ಣಿಗೆ ಕಾಣದ್ದು ಅವ್ರಿಗೆ ಹೆಂಗೆ ಕಂಡ್ತು?"

"ಅವ್ರ ಹತ್ರ ದುರ್ಬೀನು ಐತೆ ಅಕ್ಕಾ."

"ನನ್ನ ಹತ್ರ ಬೂದಿ ಐತೆ, ಬಿಡು."

ಅಮೀನಾಬೀ ನಕ್ಕಳು. ನಕ್ಕರೂ ಬಿಡಲಿಲ್ಲ. "ಹಂಗಲ್ಲಕ್ಕ. ನಸೀಮಾಗೂ ಮೊದ್ಲು ನಿನ್ನ ಬೂದಿನೇ ಹಚ್ಚಿದ್ದು. ಮ್ಯಾಲೆ ಒಣಗ್ತು, ಒಳಗೆ ಗಡ್ಡೆ ಆಯ್ತು. ಆಸ್ಪತ್ರೆಗೆ ಹೋದ್ವಿ. ಬಿಸಿನೀರಾಗೆ ನೆನಸಿ ಹಕ್ಕಳೆ ತೆಗೆದು, ಮುಲಾಮು ಕೊಟ್ರು. ಈಗ ನೋಡು, ಗುರುತೂ ಇಲ್ಲ."

"ನೋಡವ್ವ ಅಮೀನಾ," ಹುಲಿಗೆಮ್ಮ ಗಂಭೀರವಾಗಿ ಹೇಳಿದಳು. "ಮೈಯಾಗಿನ ಕೆಟ್ಟದ್ದು ಹೊರಗೆ ಬರ್ಬೇಕು. ಹುಣ್ಣು ಅಂದ್ರೆ ಅದು ಹೊರಗೆ ಬರೋ ಬಾಗಿಲು. ನೀವು ಸೂಜಿ, ಮುಲಾಮು ಅಂತ ಅದನ್ನ ಒಳಗೆ ಅಟ್ಟಿದ್ರೆ ನಾಳೆ ಎಲ್ಲಿ ಹೊಕ್ಕಂತೈತೋ ಯಾರು ಬಲ್ಲರು?"

ಅಮೀನಾಬೀ ಕೊಡ ಎತ್ತಿಕೊಂಡು ಹೋದಳು. ಹುಲಿಗೆಮ್ಮ ಹೆಗಲ ಮೇಲಿನ ಚೌಕದಿಂದ ಸುಂಕಿಯ ಮೂಗು ಒರೆಸಿದಳು. ಅದೇ ಚೌಕದಿಂದ ತನ್ನ ಬೆವರು ಒರೆಸಿಕೊಂಡಳು. ಮತ್ತೆ ಯಾರದೋ ಮಗು ಸಿಂಬಳ ಸುರಿಸಿಕೊಂಡು ಬಂದಿತು, ಅದರ ಮುಖವನ್ನೂ ಒರೆಸಿದಳು. ಭಟ್ಟಿ ಮನೆಯಲ್ಲಿ ಬೆವರು ಒರೆಸಲು ಎಲ್ಲರಿಗೂ ಸೇರಿ ಒಂದೇ ಚೌಕ. ಅದು ಹಿಂದಿನಿಂದ ಬಂದ ರೂಢಿ.

ಕೆಲವು ದಿನ ಕಳೆಯಿತು. ಮುಖದ ಬೂದಿ ಒಣಗಿ ಕರಿ ಬಿಲ್ಲೆಯಂತೆ ಕೂತಿತ್ತು. ಆದರೆ ಸುಂಕಿ ಕುಣಿಯುವುದನ್ನು ಬಿಟ್ಟಳು. ಆಮೇಲೆ ಕುಂಟಿದಳು. ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು. ಗಿರಿಯಮ್ಮ ಕಾಲು ಮುಟ್ಟಿ ನೋಡಿದಳು. ಬೂದಿಯ ಸುತ್ತ ಕಾಲು ಬಾತು, ಕೆಂಪಗೆ, ಮುಟ್ಟಿದರೆ ಬಿಸಿ ಬಿಸಿ. ಮೈಯೂ ಸುಡುತ್ತಿತ್ತು.

"ಅತ್ತೆ," ಅವಳು ಸೆರಗು ಸರಿ ಮಾಡಿಕೊಂಡು ಹೇಳಿದಳು, "ಒಂದ್ಸಾರಿ ಆಸ್ಪತ್ರೆಗೆ ತೋರಿಸಾಣೇನ್ರಿ?"

"ಇದು ಆಸ್ಪತ್ರೆ ಜಡ್ಡಲ್ಲ. ಬೂದಿಗೂ ಬಗ್ಗದ್ದು ಅಂದ್ರೆ ಬ್ಯಾರೆ ಏನೋ ಐತೆ. ನಾಳೆ ಅಮಾಸಿ. ಉಕ್ಕಡಗಾತ್ರಿ ಗುಡಿಗೆ ಹೋಗಿ ಕೂಸನ್ನ ಅಜ್ಜಯ್ಯನ ಪಾದಕ್ಕೆ ಹಾಕಾಣ."

ಗಿರಿಯಮ್ಮ ಗಂಡನ ಮುಖ ನೋಡಿದಳು. ನಿಂಗಪ್ಪ ಮರಳು ತಿರುವುತ್ತ, "ಅವ್ವ ಹೇಳಿದಂಗೆ ಮಾಡು" ಅಂದ. ಅವನ ಉತ್ತರ ಬೇರೆ ಆಗಿರುತ್ತದೆ ಅಂತ ಅವಳೂ ಅಂದುಕೊಂಡಿರಲಿಲ್ಲ.

ಬೆಳಿಗ್ಗೆ ಹೊರಡುವ ಹೊತ್ತಿಗೆ ಅಮೀನಾಬೀ ಕಾಡಿಗೆ ಡಬ್ಬಿ ಹಿಡಿದು ಬಂದಳು. ಕೂಸಿನ ಮುಂದೆ ಕೂತು, ಕಾಲಿನ ಕೆಂಪು ಎಲ್ಲಿಗೆ ಮುಗಿಯುತ್ತದೋ ಅಲ್ಲಿ, ಅದರ ಸುತ್ತ, ಬೆರಳಿನಿಂದ ಕಾಡಿಗೆಯ ಗೆರೆ ಎಳೆದಳು.

"ಏನೇ ಅದು?" ಹುಲಿಗೆಮ್ಮ ಕೇಳಿದಳು. "ದೃಷ್ಟಿಗಾ?"

"ಕಾಡಿಗೆ ಅಕ್ಕಾ."

"ಹಾಕು, ಹಾಕು. ಒಳ್ಳೇದು. ಕೆನ್ನಿಗೂ ಒಂದು ಹಾಕು."

ಅಮೀನಾಬೀ ಕೆನ್ನೆಗೂ ಒಂದು ಬೊಟ್ಟು ಇಟ್ಟಳು. ಹುಲಿಗೆಮ್ಮ ಬುತ್ತಿ ಕಟ್ಟಲು ಒಳಗೆ ಹೋದಾಗ ಗಿರಿಯಮ್ಮನ ಕೈ ಹಿಡಿದು ಮೆಲ್ಲಗೆ ಹೇಳಿದಳು:

"ನಸೀಮಾಗೆ ನರ್ಸಮ್ಮ ಹಿಂಗೇ ಗೆರೆ ಹಾಕಿದ್ರು. ನೀನು ಬರೀ ನೋಡ್ತಿರು. ಕೆಂಪು ಈ ಗೆರೆ ಒಳಗೇ ಇರ್ಬೇಕು. ದಾಟಿ ಹೊರಗೆ ಬಂತು ಅಂದ್ರೆ ಕೀವಿನ ವಿಷ ಹರಡಾಕತ್ತೈತೆ ಅಂತ ತಿಳ್ಕೊ. ಆಗ ನಿಲ್ಲಬ್ಯಾಡ. ಯಾವ ಊರಾಗಿದ್ರೆ ಆ ಊರಿನ ಆಸ್ಪತ್ರೆಗೆ ಹೋಗು. ಜ್ವರನೂ ಐತೆ ತಂಗಿ, ನನ್ನ ಕೇಳಿದ್ರೆ ಈಗಲೇ ಹೋಗ್ಬೇಕು."

"ನನ್ನ ಮಾತು ಮನಿಯಾಗೆ ಯಾರು ಕೇಳ್ತಾರಕ್ಕ?"

"ಈ ಗೆರೆ ಅವ್ರು ಕೇಳೋ ಹಂಗೆ ಮಾಡ್ತೈತೆ. ನೋಡ್ತಿರು."

ಉಕ್ಕಡಗಾತ್ರಿಗೆ ಹರಿಹರದ ಮೇಲೆ ಹೋಗಬೇಕು. ಹರಿಹರದಲ್ಲಿ ಇಳಿದು ಬೇರೆ ಬಸ್ಸು ಹತ್ತಬೇಕು. ಅಮಾವಾಸ್ಯೆ ಅಂದರೆ ಬಸ್ಸು ನಿಲ್ಲುವ ಜಾಗದಲ್ಲಿ ಕಾಲಿಡಲು ಸಂದಿರುವುದಿಲ್ಲ. ಅತ್ತೆ ಸೊಸೆ ಬೇವಿನ ಮರದ ಕೆಳಗೆ ಒಂದಿಷ್ಟು ಜಾಗ ಮಾಡಿಕೊಂಡು ಕೂತರು. ಹುಲಿಗೆಮ್ಮ ಬುತ್ತಿ ಬಿಚ್ಚಿ ಮಂಡಕ್ಕಿ ಕೊಟ್ಟಳು. ಸುಂಕಿ ತಿನ್ನಲಿಲ್ಲ. ಸುಡುವ ಬಿಸಿಲಿನಲ್ಲಿ ಕೂಸು ಚಳಿ ಅಂತ ನಡುಗಿತು.

ಗಿರಿಯಮ್ಮ ಲಂಗ ಸರಿಸಿ ನೋಡಿದಳು. ಕಾಡಿಗೆಯ ಗೆರೆ ಎಳೆದ ಹಾಗೇ ಇತ್ತು. ಕೆಂಪು ಮಾತ್ರ ಗೆರೆ ದಾಟಿ ಎರಡು ಬೆರಳಿನಷ್ಟು ಮೊಣಕಾಲಿನ ಕಡೆ ಏರಿತ್ತು. ಅವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಮುಟ್ಟಿ ನೋಡಿದಳು. ಗೆರೆಯ ಹೊರಗೂ ಬಿಸಿ.

ಅಷ್ಟರಲ್ಲಿ ಉಕ್ಕಡಗಾತ್ರಿಯ ಬಸ್ಸು ಬಂತು. ಹುಲಿಗೆಮ್ಮ ವಯಸ್ಸು ಮರೆತು ನುಗ್ಗಿ ಹತ್ತಿದಳು. ಕಿಟಕಿಯ ಪಕ್ಕ ಸೀಟು ಹಿಡಿದು, ಚೌಕ ಹಾಸಿ, ತಲೆ ಹೊರಗೆ ಹಾಕಿ ಕರೆದಳು. "ಬಾರೇ ಗಿರಿಯವ್ವ, ಜಾಗ ಹಿಡಿದೀನಿ."

"ನಾನು ಬರಲ್ರಿ ಅತ್ತೆ."

ಗದ್ದಲದಲ್ಲಿ ತಾನು ತಪ್ಪಾಗಿ ಕೇಳಿದೆ ಅಂದುಕೊಂಡಳು ಹುಲಿಗೆಮ್ಮ. ಆ ಸೊಸೆಯ ಬಾಯಿಂದ ಅಂಥ ಮಾತನ್ನು ಅವಳು ಹಿಂದೆ ಯಾವತ್ತೂ ಕೇಳಿರಲಿಲ್ಲ.

"ಏನಂದಿ?"

"ಬರಲ್ಲ ಅಂದೆ. ಇಲ್ಲಿ ನೋಡ್ರಿ." ಗಿರಿಯಮ್ಮ ಕೂಸನ್ನು ಎತ್ತಿ ಕಿಟಕಿಯ ಹತ್ತಿರ ಕಾಲು ತೋರಿಸಿದಳು. "ಮನಿ ಬಿಡುವಾಗ ಕೆಂಪು ಈ ಗೆರೆ ಒಳಗಿತ್ತು. ಈಗ ನೋಡ್ರಿ ಎಲ್ಲಿ ಐತೆ. ಬಾವು ಮ್ಯಾಲೆ ಮ್ಯಾಲೆ ಏರಾಕತ್ತೈತೆ. ನಾನು ಆಸ್ಪತ್ರೆಗೆ ಹೋಗ್ತೀನಿ."

"ಅಜ್ಜಯ್ಯನ ಹೆಸರು ಹೇಳಿ ಹೊರಟು ಹಾದಿಯಾಗೆ ತಿರುಗ್ತೀಯೇನೇ?"

"ಅಜ್ಜಯ್ಯ ಎಲ್ಲಿಗೂ ಹೋಗಲ್ರಿ. ಎಂದು ಹೋದ್ರೂ ಅಲ್ಲೇ ಇರ್ತಾನ. ಈ ಕೂಸು ಸಂಜಿತನಕ ಹಿಂಗೇ ಇರ್ತೈತೆ ಅಂತ ಯಾರು ಹೇಳ್ತಾರ?"

ಕಂಡಕ್ಟರು ಸೀಟಿ ಹಾಕಿದ. ಗಿರಿಯಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು, ಸರ್ಕಾರಿ ಆಸ್ಪತ್ರೆ ಎಲ್ಲಿ ಅಂತ ಟಾಂಗಾದವನನ್ನು ಕೇಳಿ, ನಡೆದೇ ಹೋದಳು. ಹಿಂದೆ ತಿರುಗಿ ನೋಡಲಿಲ್ಲ. ಸೆರಗು ಎಲ್ಲಿದೆ ಅಂತಲೂ ನೋಡಿಕೊಳ್ಳಲಿಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಊರನ್ನೇ ಎದುರು ಹಾಕಿಕೊಳ್ಳುವುದು ಸುಲಭ ಇರಬಹುದು, ಪ್ರೀತಿಯ ಅತ್ತೆಗೆ ಇಲ್ಲ ಅನ್ನುವುದು ಬಹಳ ಕಷ್ಟ.

ಹುಲಿಗೆಮ್ಮ ಹಿಡಿದ ಸೀಟಿನಲ್ಲಿ ಒಂದು ಗಳಿಗೆ ಕೂತಳು. ಬಸ್ಸು ಅಲುಗಿತು. "ಇಳಿಸಪ್ಪಾ, ಇಳಿಸು. ನನ್ನ ಕೂಸು ಹೋಗಾಕತ್ತೈತೆ" ಅಂತ ಎಲ್ಲರ ಕಾಲು ತುಳಿದುಕೊಂಡು ಇಳಿದಳು. ಬೈಯುತ್ತಲೇ ಸೊಸೆಯ ಹಿಂದೆ ಓಡಿದಳು.

ಆಸ್ಪತ್ರೆಯಲ್ಲಿ ಹೊನ್ನಕ್ಕ ಅಂತ ಒಬ್ಬ ನರ್ಸಮ್ಮ ಇದ್ದರು. ಕಾಲು ನೋಡಿದ ಕೂಡಲೇ ಸಾಲಿನಲ್ಲಿದ್ದವರನ್ನು ಬದಿಗೆ ಸರಿಸಿ ಕೂಸನ್ನು ಒಳಗೆ ಕರೆದುಕೊಂಡರು. ಮಂಚದ ಮೇಲೆ ಮಲಗಿಸಿ, ಕುದಿಸಿ ಆರಿಸಿದ ಉಗುರು ಬೆಚ್ಚನೆ ನೀರಿನಲ್ಲಿ ಅರಿವೆ ಅದ್ದಿ ಬೂದಿಯ ಮೇಲೆ ಹಾಕಿದರು. ಕಿತ್ತು ಎಳೆಯಲಿಲ್ಲ, ಉಜ್ಜಲಿಲ್ಲ. ನೆನೆಯಲು ಬಿಟ್ಟರು. ಸ್ವಲ್ಪ ಹೊತ್ತಿಗೆ ಬೂದಿ ಮೆತ್ತಗಾಗಿ ತಾನೇ ಬಿಟ್ಟುಕೊಂಡಿತು. ಮುಖದ ಬೂದಿಯ ಕೆಳಗೆ ಹಳದಿ ಹಕ್ಕಳೆ, ಅದರ ಕೆಳಗೆ ಹಸಿ ಗಾಯ. ಕಾಲಿನ ಬೂದಿಯ ಬಿಲ್ಲೆ ಬಿಟ್ಟಾಗ ಒಳಗಿನಿಂದ ಕೀವು ನುಗ್ಗಿತು. ಹುಲಿಗೆಮ್ಮ ಮುಖ ಆ ಕಡೆ ತಿರುಗಿಸಿದಳು.

"ಅಜ್ಜಿ, ತಿರುಗಬ್ಯಾಡ್ರಿ. ನೋಡ್ರಿ," ಅಂದರು ಹೊನ್ನಕ್ಕ. "ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಅದೇ ಇದು. ಮ್ಯಾಲೆ ಒಣಗೈತೆ ಅಂತ ನೀವು ಸುಮ್ಮನಿದ್ರಿ. ಒಳಗೆ ಸುಡಾಕತ್ತಿತ್ತು."

"ಮೈಯಾಗಿನ ಕೆಟ್ಟದ್ದು ಹೊರಗೆ ಬರ್ಬೇಕಲ್ಲವ್ವ," ಹುಲಿಗೆಮ್ಮ ಇನ್ನೂ ಸೋಲಲು ಸಿದ್ಧಳಿರಲಿಲ್ಲ. "ನೀವು ಮದ್ದು ಹಾಕಿ ಒಳಗೆ ಅಟ್ಟಿಬಿಡ್ತೀರಿ."

"ಕೆಟ್ಟದ್ದು ಹೊರಗೆ ಬರ್ಬೇಕು. ನಿಮ್ಮ ಮಾತು ಖರೇನೇ ಅಜ್ಜಿ. ಆ ಕೆಟ್ಟದ್ದು ಅಂದ್ರೆ ಈ ಕೀವು. ಇದು ಹೊರಗೆ ಬರದಂಗೆ ಬೂದಿ ಮೆತ್ತಿ ಬಾಗಿಲು ಹಾಕಿದವ್ರು ಯಾರು? ಈಗ ಬಾಗಿಲು ತೆಗೆದವ್ರು ಯಾರು?"

ತನ್ನ ಮಾತಿನಿಂದಲೇ ತಾನು ಸೋತದ್ದು ಹುಲಿಗೆಮ್ಮನಿಗೆ ಗೊತ್ತಾಯಿತು.

ಡಾಕ್ಟರು ಬಂದರು. ಕಾಲನ್ನು ಒತ್ತಿ ನೋಡಿದರು, ತೊಡೆಯ ಸಂದಿಯಲ್ಲಿ ಕೈಯಾಡಿಸಿ ಗಂಟು ಕಟ್ಟಿದೆಯೇ ಅಂತ ನೋಡಿದರು. ಸಣ್ಣಗೆ ಕೊಯ್ದು ಕೀವು ತೆಗೆದರು. ಪೆನ್ಸಿಲಿನ್ ಮೈಗೆ ಒಗ್ಗುತ್ತದೋ ಇಲ್ಲವೋ ಅಂತ ಮೊದಲು ಚರ್ಮದಲ್ಲಿ ಪರೀಕ್ಷೆ ಮಾಡಿ, ಆಮೇಲೆ ಸೂಜಿ ಹಾಕಿದರು. ಮುಖದ ಹುಣ್ಣುಗಳಿಗೆ ನೇರಳೆ ಬಣ್ಣದ ಔಷಧ ಹಚ್ಚಿಸಿದರು. ಕೂಸು ಕಿರುಚಿ ಕಿರುಚಿ ಸುಸ್ತಾಗಿ ಮಲಗಿತು.

"ಈ ಗೆರೆ ಹಾಕಿದವ್ರು ಯಾರು?" ಡಾಕ್ಟರು ಕೇಳಿದರು.

"ನಮ್ಮ ಪಕ್ಕದ ಮನಿ ಅಮೀನಾಬೀ ಅಂತ ರೀ," ಅಂದಳು ಗಿರಿಯಮ್ಮ.

"ಅವ್ರಿಗೆ ನನ್ನ ನಮಸ್ಕಾರ ಹೇಳಮ್ಮ. ಇನ್ನೂ ತಡ ಮಾಡಿದ್ದಿದ್ರೆ ಈ ವಿಷ ರಕ್ತಕ್ಕೆ ಸೇರ್ತಿತ್ತು. ಆಗ ಕಾಲಿನ ಮಾತು ಅಲ್ಲ, ಜೀವದ ಮಾತು ಆಗ್ತಿತ್ತು."

ಹುಲಿಗೆಮ್ಮ ಮಂಚದ ಅಂಚಿನಲ್ಲಿ ಕೂತು, ಮಲಗಿದ ಕೂಸಿನ ಕಣ್ಣೀರು ಒರೆಸಲು ಹೆಗಲ ಮೇಲಿನ ಚೌಕ ತೆಗೆದಳು. ಚೌಕ ಮುಖಕ್ಕೆ ತಾಗುವ ಮೊದಲೇ ಹೊನ್ನಕ್ಕ ಅವಳ ಕೈ ಹಿಡಿದರು.

"ಅಜ್ಜಿ, ಈ ಚೌಕ ಯಾರದು?"

"ನಮ್ಮದೇ."

"ನಮ್ಮದು ಅಂದ್ರೆ? ನೀವೊಬ್ರೇ ಒರೆಸ್ಕೊಂತೀರೋ, ಎಲ್ಲಾರೂ ಒರೆಸ್ಕೊಂತಾರೋ?"

"ಭಟ್ಟಿ ಮನಿ ಅಲ್ಲವ್ವ. ಎಲ್ಲಾರೂ ಒರೆಸ್ಕೊಂತಾರ. ಓಣಿ ಮಕ್ಕಳಿಗೂ ನಾನೇ ಮೂಗು ಒರೆಸ್ತೀನಿ."

"ಓಣಿ ಮಕ್ಕಳಿಗೂ ಇಂಥ ಹುಣ್ಣು ಅದಾವೇನು?"

"ಅದಾವೆ. ಮೊದ್ಲು ಒಂದಕ್ಕೆ ಇತ್ತು. ಆಮೇಲೆ..." ಹುಲಿಗೆಮ್ಮ ಅಲ್ಲಿಗೇ ನಿಲ್ಲಿಸಿದಳು. ಕೈಯಲ್ಲಿದ್ದ ಚೌಕವನ್ನು ನೋಡಿದಳು. ಸುಂಕಿಯ ಮೂಗು, ಪಕ್ಕದ ಮನೆ ಮಗುವಿನ ಬಾಯಿ, ಎದುರು ಮನೆ ಕೂಸಿನ ಕೆನ್ನೆ, ಎಲ್ಲವೂ ಅವಳ ಕಣ್ಣ ಮುಂದೆ ಬಂದವು. ಮಗುವಿನಿಂದ ಮಗುವಿಗೆ ಹುಣ್ಣನ್ನು ಹೊತ್ತುಕೊಂಡು ಹೋದದ್ದು ಭಟ್ಟಿಯ ಉಷ್ಣ ಅಲ್ಲ, ತನ್ನ ಕೈ. ಅವಳು ಚೌಕವನ್ನು ನೆಲಕ್ಕಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಅಳಬ್ಯಾಡ್ರಿ," ಹೊನ್ನಕ್ಕ ಅವಳ ಬೆನ್ನು ಸವರಿದರು. "ನಿಮ್ಮ ಓಣಿಯಾಗೆ ಬಿಸಿನೀರಿಗೆ ಬರ ಐತೇನು?"

"ಇಲ್ಲವ್ವ. ದಿನಾ ಕೊಪ್ಪರಿಗೆ ಕುದಿತಿರ್ತೈತೆ."

"ಹಂಗಾದ್ರೆ ಅರ್ಧ ಔಷಧ ನಿಮ್ಮ ಮನಿಯಾಗೇ ಐತೆ."

ಆ ಸಂಜೆ ನಿಂಗಪ್ಪ ಸುದ್ದಿ ತಿಳಿದು ಓಡಿ ಬಂದ. ಮಗಳ ಕಾಲಿಗೆ ಕಟ್ಟಿದ ಪಟ್ಟಿ ನೋಡಿದ. ಅಭ್ಯಾಸ ಬಲದಿಂದ ಮೊದಲು ತಾಯಿಯ ಕಡೆ ತಿರುಗಿ, "ಈಗ ಏನು ಮಾಡಾಣವ್ವ?" ಅಂದ.

"ನನ್ನ ಕೇಳಬ್ಯಾಡ," ಅಂದಳು ಹುಲಿಗೆಮ್ಮ. "ನಿನ್ನ ಹೆಂಡ್ತಿನ ಕೇಳು. ಕೂಸನ್ನ ಉಳಿಸಿದಾಕಿ ಆಕಿ."

ಗಿರಿಯಮ್ಮ ಮಗಳ ತಲೆ ಸವರುತ್ತ ಕೂತಿದ್ದಳು. ಗಂಡನಿಗೆ ಏನು ಮಾಡಬೇಕೋ ಒಂದೊಂದಾಗಿ ಹೇಳಿದಳು. ಅವನು ತಲೆಯಾಡಿಸುತ್ತ ಕೇಳಿಕೊಂಡ.

ಹೊನ್ನಕ್ಕ ಕಾಡಿಗೆಯ ಗೆರೆಯ ಆಚೆ, ಕೆಂಪು ಏರಿದ್ದ ಅಂಚಿಗೆ, ಶಾಯಿಯಿಂದ ಇನ್ನೊಂದು ಗೆರೆ ಎಳೆದಿದ್ದರು. ಕೂಸಿನ ಜೊತೆ ಆಸ್ಪತ್ರೆಯಲ್ಲೇ ಉಳಿದ ಗಿರಿಯಮ್ಮ ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ನೋಡುತ್ತಿದ್ದಳು. ಮೊದಲು ಕೆಂಪು ಇದ್ದಲ್ಲೇ ನಿಂತಿತು. ಆಮೇಲೆ ಮಳೆಗಾಲ ಮುಗಿದ ಮೇಲೆ ಹೊಳೆ ಇಳಿಯುವ ಹಾಗೆ ಇಳಿಯುತ್ತ ಬಂತು. ಗೆರೆಯ ಒಳಗೆ ಹೋಯಿತು, ಇನ್ನೂ ಒಳಗೆ ಹೋಯಿತು. ಜ್ವರ ಬಿಟ್ಟಿತು. ಒಂದು ಬೆಳಿಗ್ಗೆ ಸುಂಕಿ ಎದ್ದು ಕೂತು, "ಅವ್ವಾ, ಹಸಿವು" ಅಂದಳು. ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಹುಲಿಗೆಮ್ಮ ಹಠದ ಹೆಂಗಸು. ಹಠ ಕೆಟ್ಟದ್ದೇನಲ್ಲ, ಅದನ್ನು ಎಲ್ಲಿಗೆ ಹೂಡುತ್ತೀರಿ ಅನ್ನುವುದು ಮುಖ್ಯ. ಓಣಿಗೆ ಹಿಂತಿರುಗಿದ ಅಜ್ಜಿ ಮೊದಲು ಅಮೀನಾಬೀ ಮನೆಗೆ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಕಾಡಿಗೆ ನನ್ನ ಮನಿ ದೀಪ ಉಳಿಸ್ತು ತಾಯಿ" ಅಂದಳು. ಆಮೇಲೆ ಇಬ್ಬರೂ ಸೇರಿ ಓಣಿಯ ಮೇಲೆ ದಂಡೆತ್ತಿ ಹೋದರು.

ಹಳೆಯ ಸೀರೆ ಹರಿದು ಒಂದೊಂದು ಮಗುವಿಗೆ ಒಂದೊಂದು ಅರಿವೆ ಮಾಡಿದರು. ಗುರುತಿಗೆ ಮೂಲೆಯಲ್ಲಿ ಬೇರೆ ಬೇರೆ ಬಣ್ಣದ ದಾರ ಹೊಲಿದರು. ಕೆಂಪು ದಾರದ್ದು ಸುಂಕಿಯದು, ಹಸಿರಿನದು ನಸೀಮಾದು. ಭತ್ತದ ಕೊಪ್ಪರಿಗೆಯ ಪಕ್ಕ ಒಂದು ಹಳೆ ಹಂಡೆ ಇಟ್ಟು ಆ ಅರಿವೆಗಳನ್ನು ಕುದಿಸಿ ಬಿಸಿಲಿಗೆ ಹಾಕಿದರು. ಸಂಜೆ ಕಣದ ಕೆಲಸ ಮುಗಿದ ಮೇಲೆ ಮಕ್ಕಳಿಗೆಲ್ಲ ಸೋಪು ಹಚ್ಚಿ ಸ್ನಾನ. ಉಗುರು ಕತ್ತರಿಸಿಕೊಳ್ಳದ ಮಗುವಿಗೆ ಮಂಡಕ್ಕಿ ಇಲ್ಲ. ಹುಣ್ಣಿದ್ದ ಮಕ್ಕಳನ್ನು ಗಿರಿಯಮ್ಮ ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಳು. ಕೆಲವು ಮಕ್ಕಳಿಗೆ ತುರಿಕಜ್ಜಿ ಇರುವುದು ಅಲ್ಲಿ ಗೊತ್ತಾಯಿತು. ತುರಿಕಜ್ಜಿಗೆ ಮನೆಮಂದಿಗೆಲ್ಲ ಒಟ್ಟಿಗೆ ಮದ್ದು ಹಚ್ಚದಿದ್ದರೆ ಕೆರೆತ ನಿಲ್ಲುವುದಿಲ್ಲ, ಕೆರೆತ ನಿಲ್ಲದಿದ್ದರೆ ಹುಣ್ಣು ನಿಲ್ಲುವುದಿಲ್ಲ ಅಂತ ಡಾಕ್ಟರು ಹೇಳಿ ಕಳಿಸಿದರು.

ಓಣಿಯ ಕೊನೆಯ ಭಟ್ಟಿಯ ಜಂಬಯ್ಯ ಮಾತ್ರ ಮೊಮ್ಮಗನನ್ನು ಎತ್ತಿಕೊಂಡು ಬೂದಿ ಕೇಳಲು ಬಂದ.

"ಬೂದಿ ಪಾತ್ರೆ ತಿಕ್ಕಾಕೆ ಐತೆ," ಅಂದಳು ಹುಲಿಗೆಮ್ಮ. "ಮಕ್ಕಳಿಗೆ ಇಲ್ಲ."

"ಹೊರಗೆ ಬಂದದ್ದು ಒಳ್ಳೇದು ಅಂತ ನೀನೇ ಹೇಳ್ತಿದ್ದಲ್ಲವ್ವ?"

"ಹೇಳ್ತಿದ್ದೆ. ನನ್ನ ಕೂಸು ಸಾವಿನ ಬಾಗಿಲಿಗೆ ಹೋಗಿ ಬಂದ ಮ್ಯಾಲೆ ಬ್ಯಾರೆ ಹೇಳಾಕತ್ತೀನಿ. ನಡಿ ಆಸ್ಪತ್ರೆಗೆ. ನಾನೂ ಬರ್ತೀನಿ."

ಜಂಬಯ್ಯ ಗೊಣಗುತ್ತಲೇ ಹೋದ. ಮುಲಾಮು ತಂದ. ಹುಣ್ಣು ಮೇಲೆ ಒಣಗಿದ ಕೂಡಲೇ ಹಚ್ಚುವುದನ್ನು ಬಿಟ್ಟ. ಹುಣ್ಣು ಮತ್ತೆ ಎದ್ದಿತು. ಮತ್ತೆ ಹೋದ, ಡಾಕ್ಟರ ಹತ್ತಿರ ಬೈಸಿಕೊಂಡ, ಈ ಸಲ ಅವರು ಹೇಳಿದಷ್ಟು ದಿನವೂ ಹಚ್ಚಿದ. ಆಮೇಲೆ ಎದುರಿಗೆ ಸಿಕ್ಕವರಿಗೆಲ್ಲ ಮದ್ದು ನಡುವೆ ಬಿಡಬಾರದು ಅಂತ ಬುದ್ಧಿ ಹೇಳುವವನು ಅವನೇ ಆದ.

ಮಳೆಗಾಲ ಶುರುವಾಗುವ ಹೊತ್ತಿಗೆ ಭಟ್ಟಿ ಓಣಿಯ ಮಕ್ಕಳ ಮುಖದಲ್ಲಿ ಒಂದೂ ಹಕ್ಕಳೆ ಇರಲಿಲ್ಲ. ಬೆಣ್ಣೆ ಸವರಿದ ಹಾಗೆ ಹೊಳೆಯುವ ಕೆನ್ನೆಗಳು. ಶಾಲೆಯ ಮೇಷ್ಟ್ರು ಬಂದು, "ಇವು ನಮ್ಮ ಭಟ್ಟಿ ಓಣಿ ಮಕ್ಕಳೇನ್ರಿ?" ಅಂತ ಕೇಳಿದರು. ಹುಲಿಗೆಮ್ಮ ಎದೆಯುಬ್ಬಿಸಿ, "ಯಾಕ, ಗುರುತು ಹತ್ತಲಿಲ್ಲೇನ್ರಿ?" ಅಂದಳು. ಓಣಿಗೆ ಓಣಿಯೇ ನಕ್ಕಿತು.

ಅಜ್ಜಯ್ಯನ ಹರಕೆ ತಪ್ಪಲಿಲ್ಲ. ಮುಂದಿನ ಒಂದು ಅಮಾವಾಸ್ಯೆಗೆ ಇಡೀ ಸಂಸಾರ ಉಕ್ಕಡಗಾತ್ರಿಗೆ ಹೋಯಿತು. ಸುಂಕಿಯನ್ನು ಯಾರೂ ಎತ್ತಿಕೊಳ್ಳಬೇಕಾಗಿರಲಿಲ್ಲ. ಹೊಳೆಯ ದಂಡೆಯಿಂದ ಗುಡಿಯವರೆಗೂ ಅವಳು ಎಲ್ಲರಿಗಿಂತ ಮುಂದೆ ಓಡಿದಳು. ಹುಲಿಗೆಮ್ಮ ಕೈಮುಗಿದು ಏನು ಬೇಡಿಕೊಂಡಳು ಅಂತ ಆಮೇಲೆ ಸೊಸೆ ಕೇಳಿದಳು.

"ಬೇಡಿಕೊಳ್ಳೋದು ಏನೈತೆ?" ಅಂದಳು ಅಜ್ಜಿ. "ನಿನ್ನಂಥ ಸೊಸೆ ಕೊಟ್ಟಿದ್ದಕ್ಕೆ ಅಡ್ಡಬಿದ್ದು ಬಂದೆ."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ, ಕೇಳುತ್ತಿರುವ ಎಲ್ಲ ತಾಯಿ ತಂದೆಯರೇ, ನಿಮ್ಮ ಓಣಿಯಲ್ಲಿ ಭಟ್ಟಿ ಇಲ್ಲದಿರಬಹುದು. ಬೂದಿಯ ಬದಲು ಸುಣ್ಣ ಇರಬಹುದು, ಹೊಗೆಸೊಪ್ಪು ಇರಬಹುದು, ಸಗಣಿ ಇರಬಹುದು. ಮಕ್ಕಳ ಹುಣ್ಣಿಗೆ ಇವು ಯಾವುದನ್ನೂ ಮೆತ್ತಬೇಡಿ. ಕುರುವನ್ನು ಹಿಂಡಬೇಡಿ, ಮುಳ್ಳಿನಿಂದ ಚುಚ್ಚಬೇಡಿ. ಸೋಪು ಮತ್ತು ಉಗುರು ಬೆಚ್ಚನೆ ನೀರಿನಿಂದ ಮೆಲ್ಲಗೆ ತೊಳೆಯಿರಿ, ಶುಭ್ರವಾದ ಅರಿವೆಯಿಂದ ಮುಚ್ಚಿ, ಮುಟ್ಟಿದ ಮೇಲೆ ನಿಮ್ಮ ಕೈಯನ್ನೂ ತೊಳೆದುಕೊಳ್ಳಿ. ಮಗುವಿಗೆ ಅದರದೇ ಅರಿವೆ, ಅದರದೇ ಹಾಸಿಗೆ ಇರಲಿ. ಜೋನಿಬೆಲ್ಲದ ಬಣ್ಣದ ಹಕ್ಕಳೆ, ಜಿನುಗುವ ಗುಳ್ಳೆ, ಕೀವು ಕಂಡರೆ ಡಾಕ್ಟರಿಗೆ ತೋರಿಸಿ, ಅವರು ಕೊಟ್ಟ ಮದ್ದನ್ನು ಹೇಳಿದಷ್ಟು ದಿನವೂ ಮುಗಿಸಿ. ಹುಣ್ಣಿನ ಜೊತೆ ಜ್ವರ ಬಂದರೆ, ಕೆಂಪು ಹರಡಿದರೆ, ಕಣ್ಣಿನ ಸುತ್ತ ಬಾತರೆ, ಮಗು ಮಂಕಾದರೆ ಅವತ್ತೇ ಹೊರಡಿ. ಹುಣ್ಣು ಮಾಯ್ದ ಮೇಲೂ ಮುಖ ಊದಿದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು, ಆಗಲೂ ತಡ ಮಾಡಬೇಡಿ. ತೀರ ಎಳೆಯ ಕೂಸಾದರೆ ಒಂದು ಗುಳ್ಳೆ ಎದ್ದರೂ ಸಾಕು, ಆಸ್ಪತ್ರೆಗೆ ಒಯ್ಯಿರಿ.

ಹರಕೆ ಇದ್ದರೆ ಹರಕೆ ತೀರಿಸಿ, ಯಾರೂ ಬೇಡ ಅನ್ನುವುದಿಲ್ಲ. ಮದ್ದು ಮೊದಲಾಗಲಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಹಾಗೆ ಆಗುವುದು ಬೇಡ.

ಈಗ ಈ ಹಾಳೆಯನ್ನು ಪಕ್ಕಕ್ಕಿಟ್ಟು ನಿಮ್ಮ ಮಗುವನ್ನು ಬೆಳಕಿಗೆ ಕರೆಯಿರಿ. ಮೂಗಿನ ಕೆಳಗೆ, ಕಿವಿಯ ಹಿಂದೆ, ಮೊಣಕಾಲಿನಲ್ಲಿ ನೋಡಿ. ನೆರೆಮನೆಯ ಮಗುವನ್ನೂ ನೋಡಿ. ಅನುಮಾನ ಬಂದರೆ, ಮನೆಯಲ್ಲಿ ಯಾರು ಬೇಡ ಅಂದರೂ, ಮಗುವನ್ನು ಎತ್ತಿಕೊಂಡು ನಡೆಯಿರಿ. ಗಿರಿಯಮ್ಮ ಅವತ್ತು ಸುಮ್ಮನೆ ಬಸ್ಸು ಹತ್ತಿದ್ದರೆ ಈ ಕಥೆಯನ್ನು ಇಷ್ಟು ಸಂತೋಷದಿಂದ ಹೇಳಲು ನನಗೆ ಆಗುತ್ತಿರಲಿಲ್ಲ.